ಹನ್ನೊಂದು ಎಳೆಯ ಬಾವುಟ

ಬಾವುಟ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಕಾಲರಿನಲ್ಲಿ ಸದಾ ಎರಡು ಸೂಜಿ ಚುಚ್ಚಿಕೊಂಡಿರುತ್ತಿದ್ದಳು. ಒಂದು ತನ್ನ ಕೆಲಸಕ್ಕೆ, ಇನ್ನೊಂದು ಯಾರಾದರೂ ಕೇಳಿದರೆ ಕೊಡುವುದಕ್ಕೆ. ನಾಲಿಗೆಯೂ ಸೂಜಿಯೇ ಎಂದು ಬೆನ್ನ ಹಿಂದೆ ಹೇಳುವವರಿದ್ದರು. ಎದುರಿಗೆ ಹೇಳುವ ಎದೆಗಾರಿಕೆ ಮೇಸ್ತ್ರಿಗೂ ಇರಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದು. ಆ ವರ್ಷ ತಾಯಿ ತೀರಿಕೊಂಡಿದ್ದಳು. ತಂದೆ ಅದಕ್ಕೂ ಮೊದಲೇ ಹೋಗಿದ್ದ. ಮನೆಯಲ್ಲಿ ಉಳಿದದ್ದು ಆರು ವರ್ಷದ ತಂಗಿ. ಸಣ್ಣ ಮೈ, ದೊಡ್ಡ ಬಾಯಿ, ಬೆಳಗಾದರೆ ಶುರುವಾದ ಮಾತು ನಿದ್ದೆ ಬರುವವರೆಗೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಗುಬ್ಬಿ ಎಂದು ಹೆಸರು ಬಿದ್ದಿತ್ತು. ಸೂಜಕ್ಕ ಗುಬ್ಬಿಯ ತಲೆ ಬಾಚಿ, ಶಾಲೆಗೆ ಬಿಟ್ಟು, ಮಷೀನಿನ ಮುಂದೆ ಕೂರುವಳು. ಸಂಜೆ ಗುಬ್ಬಿ ಶಾಲೆಯಿಂದ ನೇರ ಕಾರ್ಖಾನೆಗೇ ಬಂದು, ಕತ್ತರಿಸಿ ಬಿದ್ದ ಬಟ್ಟೆಯ ರಾಶಿಯ ಮೇಲೆ ಕೂತು ಪಾಠ ಓದುವಳು. ಸಂಬಂಧ ಕೇಳಿಕೊಂಡು ಬಂದವರು ಒಬ್ಬಿಬ್ಬರಿದ್ದರು. 'ಇವಳದ್ದೊಂದು ದಡ ಮುಟ್ಟಲಿ' ಎಂದು ಸೂಜಕ್ಕ ಅವರನ್ನು ವಾಪಸ್ಸು ಕಳಿಸಿದಳು. ಗುಬ್ಬಿಯದ್ದು ದಡ ಮುಟ್ಟುವ ಹೊತ್ತಿಗೆ ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ.

ಗುಬ್ಬಿಗೆ ಇಪ್ಪತ್ತಾದ ವರ್ಷ, ತಲೆಮಾರುಗಳ ಕಾಲ ಒಬ್ಬರ ಮೇಲೊಬ್ಬರು ಕತ್ತಿ ಮಸೆದಿದ್ದ ಹನ್ನೊಂದು ದೇಶಗಳು ಒಂದಾದವು. ಇಡೀ ಖಂಡಕ್ಕೆ ಒಂದೇ ಒಕ್ಕೂಟ. ಒಕ್ಕೂಟವೆಂದ ಮೇಲೆ ಅದಕ್ಕೊಂದು ಗುರುತು ಬೇಕಲ್ಲ. ಒಂದು ಬಾವುಟ, ಒಂದು ಹಾಡು, ಎಲ್ಲರೂ ಆಚರಿಸುವ ಒಂದು ದಿನ, ಎಲ್ಲರ ಪಾಸ್‌ಪೋರ್ಟಿಗೂ ಒಂದೇ ಬಣ್ಣದ ರಟ್ಟು. ಹಾಡಿನ ವಿಷಯಕ್ಕೆ ಹಿರಿಯರು ಎರಡು ವರ್ಷ ಜಗಳವಾಡಿದರಂತೆ. ಹನ್ನೊಂದು ಭಾಷೆಯಲ್ಲಿ ಯಾವುದರಲ್ಲಿ ಬರೆದರೂ ಹತ್ತು ಮಂದಿಗೆ ಮುಖ ಸಿಂಡರಿಸುವ ಕೆಲಸ. ಕೊನೆಗೆ ಮಾತೇ ಬೇಡ, ರಾಗವೊಂದಿರಲಿ ಎಂದು ತೀರ್ಮಾನವಾಯಿತು. ಬಾವುಟಕ್ಕೆ ಮಾತ್ರ ಯಾರ ತಕರಾರೂ ಬರಲಿಲ್ಲ. ಕೆಮ್ಮಣ್ಣಿನ ಬಣ್ಣದ ಬಟ್ಟೆ, ನಡುವೆ ಹನ್ನೊಂದು ಬಿಳಿ ಎಳೆಗಳನ್ನು ಹೆಣೆದು ಮಾಡಿದ ಒಂದು ಬಳೆ.

ಊರಿನ ಅಂಚಿಗೆ ಹರಿಯುವ ಹೊಳೆಯೇ ಆ ಹನ್ನೊಂದರಲ್ಲಿ ಎರಡು ದೇಶಗಳ ಗಡಿ. ಸೂಜಕ್ಕನ ಕಾರ್ಖಾನೆ ಈಚೆ ದಂಡೆಯಲ್ಲಿ, ಸೇತುವೆಗೆ ಕೂಗಳತೆಯ ದೂರದಲ್ಲಿತ್ತು. ಸೇತುವೆಯ ನಡುಮಧ್ಯ ಹಾರಿಸುವ ದೊಡ್ಡ ಬಾವುಟ ಹೊಲಿಯುವ ಕೆಲಸ ಅವರಿಗೇ ಬಂತು. ಮೇಸ್ತ್ರಿ ಅದನ್ನು ಸೂಜಕ್ಕನ ಕೈಗೆ ಕೊಟ್ಟ. ಆಗ ತಾನೇ ಕೆಲಸಕ್ಕೆ ಸೇರಿದ್ದ ಗುಬ್ಬಿಯನ್ನು ಅವಳು ಜೊತೆಗೆ ಹಾಕಿಕೊಂಡಳು. ಹೆಣಿಗೆ ಎರಡು ಮಗ್ಗುಲಿಂದಲೂ ಒಂದೇ ಥರ ಕಾಣಬೇಕು, ಗಾಳಿಗೆ ಸುಕ್ಕಾಗಬಾರದು, ಮಳೆಗೆ ಸಡಿಲಾಗಬಾರದು. ಅಕ್ಕ ತಂಗಿ ನೆಲದ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಮಂಡಿಯೂರಿ, ಎದುರಾ ಬದುರಾ ಕೂತು ಒಂಬತ್ತು ದಿನ ಹೊಲಿದರು.

"ಅಕ್ಕ, ಒಂದು ಎಳೆ ಕಿತ್ತರೆ ಇಡೀ ಹೆಣಿಗೆ ಬಿಚ್ಚಿಹೋಗುತ್ತೆ ಅಂತ ರೇಡಿಯೋದಲ್ಲಿ ಮಂತ್ರಿ ಹೇಳಿದರು," ಎಂದಳು ಗುಬ್ಬಿ.

"ಅವರು ಯಾವತ್ತೂ ಸೂಜಿ ಹಿಡಿದವರಲ್ಲ. ಬಾಯಿ ಮುಚ್ಚಿಕೊಂಡು ಆ ತುದಿ ಬಿಗಿಯಾಗಿ ಹಿಡಿ," ಎಂದಳು ಸೂಜಕ್ಕ.

ಬಾವುಟ ಏರಿಸಿದ ದಿನ ಎರಡೂ ದಂಡೆಯ ಜನ ಸೇತುವೆಯ ಮೇಲೆ ಸೇರಿದ್ದರು. ಈಚೆಯಿಂದ ಹಗ್ಗ ಹಿಡಿದವಳು ಗುಬ್ಬಿ. ಆಚೆಯಿಂದ ಹಿಡಿದವನು ಆ ಬಟ್ಟೆಗೆ ಬಣ್ಣ ಹಾಕಿದ ಕಾರ್ಖಾನೆಯ ಒಬ್ಬ ಬಣ್ಣಗಾರ. ಮೊಣಕೈವರೆಗೂ ಕೆಮ್ಮಣ್ಣಿನ ಬಣ್ಣ ಹತ್ತಿದ್ದ ಅವನ ಕೈ ನೋಡಿ ಗುಬ್ಬಿ ನಕ್ಕಳಂತೆ. ಅವನೂ ನಕ್ಕನಂತೆ. ಅಷ್ಟೇ ಸಾಕಾಯಿತು.

"ಹೊಳೆ ದಾಟಿ ಹೋಗ್ತೀಯೇನೇ?" ಎಂದು ಸೂಜಕ್ಕ ಕೇಳಿದ್ದು ನಿಜ.

"ನಡೆದರೆ ಹನ್ನೆರಡು ನಿಮಿಷ ಕಣಕ್ಕ. ನಮ್ಮನೆಯಿಂದ ಮಾರ್ಕೆಟ್ಟಿಗೆ ಹೋಗೋಕೆ ಇಪ್ಪತ್ತು ಬೇಕು. ಮಾರ್ಕೆಟ್ಟಿನವನನ್ನೇ ಮದುವೆಯಾಗಿದ್ದರೆ ನಿನಗೆ ಇನ್ನೂ ದೂರ ಆಗ್ತಿತ್ತು."

ಮದುವೆಯಾಯಿತು. ಸೇತುವೆಯ ಮೇಲೆ ತಡೆಯುವವರಿಲ್ಲ, ಚೀಟಿ ಕೇಳುವವರಿಲ್ಲ. ಪ್ರತಿ ಭಾನುವಾರ ಸೂಜಕ್ಕ ಕೈಚೀಲ ಹಿಡಿದು ಆಚೆ ದೇಶಕ್ಕೆ ಹೋಗಿ, ಮಧ್ಯಾಹ್ನ ಉಂಡು, ಸಂಜೆಗೆ ತನ್ನ ದೇಶಕ್ಕೆ ಬರುವಳು. ಎರಡು ವರ್ಷಕ್ಕೆ ಗುಬ್ಬಿಗೆ ಹೆಣ್ಣುಮಗುವಾಯಿತು. ಗುಬ್ಬಿಯ ಮಗು ಮರಿಯಲ್ಲದೆ ಇನ್ನೇನಾದೀತು! ಮರಿ ಎಂದೇ ಕರೆದರು. ಆ ಮಗು ಮೊದಲು ನಡೆದದ್ದು ದೊಡ್ಡಮ್ಮನ ಕಡೆಗೆ.

ಮಾತಿಲ್ಲದ ಆ ಖಂಡದ ರಾಗಕ್ಕೆ ಗುಬ್ಬಿ ತನ್ನದೇ ಮಾತು ಕಟ್ಟಿದ್ದಳು. 'ಹಾಲು ಉಕ್ಕೀತು ಒಲೆಯ ನೋಡೇ, ಅಕ್ಕ ಬಂದಾಳು ಬಾಗಿಲ ತೆಗೆಯೇ' ಎಂದು ಅಡುಗೆಮನೆಯಲ್ಲಿ ಹಾಡಿಕೊಳ್ಳುವಳು. ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಖಂಡದ ದಿನದಂದು ಶಾಲೆಯ ಅಂಗಳದಲ್ಲಿ ಎಲ್ಲರೂ ಗಂಭೀರವಾಗಿ ಬಾಯಿ ಮುಚ್ಚಿ ನಿಂತು ವಾದ್ಯ ಕೇಳುತ್ತಿದ್ದಾಗ, ಎರಡನೇ ಕ್ಲಾಸಿನ ಮರಿ ಎದೆಯುಬ್ಬಿಸಿಕೊಂಡು 'ಹಾಲು ಉಕ್ಕೀತು' ಎಂದು ಶುರು ಮಾಡಿಬಿಟ್ಟಳು. ಟೀಚರು ಗುಬ್ಬಿಯನ್ನು ಕರೆಸಿ ಬೈದರು. ಬೈಯುತ್ತಾ ಅವರಿಗೇ ನಗು ಬಂತು. ಆ ಭಾನುವಾರ ಅಕ್ಕ ತಂಗಿ ಅದನ್ನು ನೆನೆನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಹೀಗೆ ಹದಿನಾಲ್ಕು ವರ್ಷ ಕಳೆಯಿತು.

ಮರಿಗೆ ಹನ್ನೆರಡು ತುಂಬಿದ ವರ್ಷ ಒಕ್ಕೂಟದವರು ಒಂದು ಹೊಸ ಪದ್ಧತಿ ತಂದರು. ಬಣ್ಣ ಹಾಕುವುದು, ಕತ್ತರಿಸುವುದು, ಹೊಲಿಯುವುದು ಎಲ್ಲ ಒಂದೇ ಸೂರಿನಡಿ ಆಗಬೇಕು. ಬಾವುಟದ ಕೆಲಸವೆಲ್ಲ ಹೊಳೆಯಾಚೆಯ ಬಣ್ಣದ ಕಾರ್ಖಾನೆಗೆ ಹೋಯಿತು. ಸೂಜಕ್ಕನ ಕಾರ್ಖಾನೆಯಲ್ಲಿದ್ದ ಇಪ್ಪತ್ತೆರಡು ಹೆಂಗಸರಲ್ಲಿ ಹದಿನಾಲ್ಕು ಮಂದಿಯನ್ನು ಮನೆಗೆ ಕಳಿಸಿದರು. ಅವರಲ್ಲಿ ಕತ್ತರಿಯಮ್ಮನೂ ಒಬ್ಬಳು. ಮೂವತ್ತು ವರ್ಷ ಬಟ್ಟೆ ಕತ್ತರಿಸಿ ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಹೋಗುವ ದಿನ ಅವಳು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದಳು. ಉಳಿದ ಎಂಟು ಮಂದಿಗೆ ದಿಂಬಿನ ಚೀಲ, ಆಸ್ಪತ್ರೆಯ ಹೊದಿಕೆ ಹೊಲಿಯುವ ಕೆಲಸ.

ಅದೇ ಭಾನುವಾರ ಸೂಜಕ್ಕ ಆಚೆ ಹೋದಾಗ ಗುಬ್ಬಿಯ ಮುಖ ಅರಳಿತ್ತು. "ಅಕ್ಕ, ಇವರನ್ನ ಬಣ್ಣದ ವಿಭಾಗಕ್ಕೆಲ್ಲ ಮೇಸ್ತ್ರಿ ಮಾಡಿದ್ದಾರೆ!" ಎಂದಳು. ಅಕ್ಕನ ಮುಖ ನೋಡಿ ದನಿ ಇಳಿಸಿದಳು. "ನಿಮ್ಮ ಕಡೆ ಜನರನ್ನ ತೆಗೆದರಂತಲ್ಲ. ನೀನು ಚಿಂತೆ ಮಾಡಬೇಡ. ಇಲ್ಲಿಗೇ ಬಂದುಬಿಡು. ಇವರ ಹತ್ತಿರ ಹೇಳಿ ನಿನಗೊಂದು ಮಷೀನು ಕೊಡಿಸ್ತೀನಿ."

ಅವಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ತಾನು ತಲೆ ಬಾಚಿ ಬೆಳೆಸಿದ ಹುಡುಗಿ ತನಗೆ ಮಷೀನು ಕೊಡಿಸುವ ಮಾತು ಸೂಜಕ್ಕನಿಗೆ ನೇರ ಹೋಗಿ ಎದೆಗೆ ನಾಟಿತು. "ನೋಡೋಣ," ಎಂದಳು. ಸೇತುವೆಯ ಮೇಲೆ ವಾಪಸ್ಸು ಬರುವಾಗ ಮೇಲೆ ಬಡಿದುಕೊಳ್ಳುತ್ತಿದ್ದ ಬಾವುಟದ ಕಡೆ ಅವಳು ತಲೆಯೆತ್ತಿ ನೋಡಲಿಲ್ಲ.

ಆರು ತಿಂಗಳಿಗೆ ಓಟು ಬಂತು. ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಈಚೆ ದೇಶದವರು ತೀರ್ಮಾನಿಸಬೇಕಿತ್ತು. ಬಿಟ್ಟರೆ ಹೋದ ಕೆಲಸವೆಲ್ಲ ಮನೆ ಬಾಗಿಲಿಗೆ ಬರುತ್ತದೆ ಎಂದು ಮೈಕಿನಲ್ಲಿ ಸಾರುತ್ತಿದ್ದರು. ಓಟಿನ ದಿನ ಸೂಜಕ್ಕ ಶಾಲೆಯ ಮುಂದೆ ಸಾಲಿನಲ್ಲಿ ನಿಂತಳು. ಅವಳ ಮುಂದೆ ಕತ್ತರಿಯಮ್ಮ ನಿಂತಿದ್ದಳು, ಸ್ವಲ್ಪ ಬಡಕಲಾಗಿ. "ಚೆನ್ನಾಗಿದ್ದೀಯಾ?" ಎಂದರೆ "ಇದ್ದೀನಲ್ಲ," ಎಂದಳು. ಒಳಗೆ, ರಟ್ಟಿನ ಮರೆಯಲ್ಲಿ, ಕಾಗದದ ಮೇಲೆ ಎರಡು ಚಿತ್ರಗಳಿದ್ದವು. ಒಂದು ಬಿಳಿ ಹೆಣಿಗೆ. ಇನ್ನೊಂದು ಬರೀ ಖಾಲಿ ಚೌಕ, ಬಿಡಬೇಕು ಅನ್ನುವವರಿಗೆ. ಸೂಜಕ್ಕನಿಗೆ ಕತ್ತರಿಯಮ್ಮನ ಸೊಟ್ಟ ಬೆರಳು ನೆನಪಾಯಿತು, ಗುಬ್ಬಿಯ ಮಾತು ನೆನಪಾಯಿತು. ನನ್ನೊಬ್ಬಳ ಓಟಿನಿಂದ ಆಕಾಶವೇನೂ ಬೀಳುವುದಿಲ್ಲ ಎಂದುಕೊಂಡು ಖಾಲಿ ಚೌಕದ ಮೇಲೆ ಮುದ್ರೆ ಒತ್ತಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಕೇಳುತ್ತಾರೆ. ಕೊಯ್ಯುವಾಗ ಯಾರಿಗೂ ನೋಯುವುದಿಲ್ಲ, ಅದೇ ಕಷ್ಟ.

ಸಂಜೆ ಗುಬ್ಬಿ ಫೋನ್ ಮಾಡಿದಳು. "ಅಕ್ಕ, ಓಟು ಹಾಕಿ ಬಂದೆಯಾ?"

"ಬಂದೆ."

"ಯಾವುದಕ್ಕೆ ಹಾಕಿದೆ?"

"ಇನ್ಯಾವುದಕ್ಕೆ ಹಾಕ್ತೀನಿ. ಹೆಣಿಗೆಗೇ."

"ಸರಿ ಕಣಕ್ಕ," ಎಂದಳು ಗುಬ್ಬಿ. "ಊಟ ಮಾಡು. ಹಾಗೇ ಮಲಗಿಬಿಡಬೇಡ."

ಕೂದಲೆಳೆಯ ಅಂತರದಲ್ಲಿ ದೇಶ ಒಕ್ಕೂಟ ಬಿಟ್ಟಿತು.

ಆಕಾಶ ಒಮ್ಮೆಗೇ ಬೀಳಲಿಲ್ಲ. ಮೊದಲು ಸೇತುವೆಯ ಎರಡೂ ತುದಿಗೆ ಒಬ್ಬೊಬ್ಬ ಕಾವಲುಗಾರ ಬಂದ. ಬಂದವರಿಗೆ ನಮಸ್ಕಾರ ಹೇಳುತ್ತಿದ್ದ. ಆಮೇಲೆ ಗುರುತಿನ ಚೀಟಿ ಕೇಳಿದ. ಆಮೇಲೆ ಗೇಟು ಬಂತು. ವರ್ಷ ತುಂಬುವುದರೊಳಗೆ, ದಾಟಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ಅರ್ಜಿ ಬೇಕು, ಅರ್ಜಿಗೆ ಕಾರಣ ಬೇಕು ಎಂದಾಯಿತು. 'ಭಾನುವಾರದ ಊಟ' ಎಂಬುದು ಕಾರಣಗಳ ಪಟ್ಟಿಯಲ್ಲಿ ಇರಲಿಲ್ಲ. ಅಕ್ಕ ತಂಗಿಗೆ ಫೋನೊಂದೇ ಉಳಿಯಿತು. ಗುಬ್ಬಿ ದಿನವೂ ಮಾಡುತ್ತಿದ್ದಳು. ಮರಿಯ ಪರೀಕ್ಷೆ, ಪಕ್ಕದ ಮನೆಯ ಜಗಳ, ಗಂಡನ ಗೊರಕೆ, ಎಲ್ಲ ಹೇಳುವಳು. ಓಟಿನ ಮಾತು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಇತ್ತ ಶಾಲೆ, ಕಚೇರಿ, ರೈಲು ನಿಲ್ದಾಣಗಳಿಂದ ಇಳಿಸಿದ ಖಂಡದ ಬಾವುಟಗಳೆಲ್ಲ ಮೂಟೆ ಮೂಟೆಯಾಗಿ ಕಾರ್ಖಾನೆಗೆ ಬಂದವು. ಹೆಣಿಗೆ ಬಿಚ್ಚಿ ತೆಗೆದರೆ ಉಳಿದ ಬಟ್ಟೆ ಪರದೆಯ ಒಳಪದರಿಗಾಗುತ್ತದೆ ಎಂದು ಮೇಲಿನವರ ಆಜ್ಞೆ. ಮೇಸ್ತ್ರಿ ಮೂಟೆಗಳನ್ನು ಸೂಜಕ್ಕನ ಕಿಟಕಿಯ ಕೆಳಗೆ ಇರಿಸಿದ.

"ಹೊಲಿದವರೇ ಬಿಚ್ಚಿದರೆ ಬಟ್ಟೆ ಹರಿಯೋದಿಲ್ಲ," ಎಂದ, ಅವಳ ಮುಖ ನೋಡದೆ.

"ಕತ್ತರಿಯಮ್ಮನನ್ನ ಕರೆಸಬಹುದಲ್ಲ, ಇಷ್ಟು ಕೆಲಸ ಇದೆ."

"ಇದು ಕೆಲಸ ಅಲ್ಲ ಸೂಜಕ್ಕ. ಮುಗಿದರೆ ಮುಗೀತು. ಯಾರನ್ನೂ ಕರೆಸಬೇಡಿ ಅಂದಿದ್ದಾರೆ."

ಬ್ಲೇಡನ್ನು ಅರ್ಧ ಮುರಿದು, ಒಂದು ಬದಿಗೆ ಬಟ್ಟೆ ಸುತ್ತಿಕೊಂಡು, ಸೂಜಕ್ಕ ಬಿಚ್ಚಲು ಕೂತಳು. ದಿನಕ್ಕೆ ಮೂವತ್ತು, ಮೂವತ್ತೈದು ಬಾವುಟ. ಕೆಲವು ಅವಳದೇ ಹೊಲಿಗೆ. ಇನ್ನು ಕೆಲವು, ಹಳೆಯವು, ತಿರುವಿನಲ್ಲಿ ಎರಡು ಹೊಲಿಗೆ ಹೆಚ್ಚಿಗೆ ಹಾಕಿದಂಥವು. ಹಾಗೆ ಹಾಕುತ್ತಿದ್ದವಳು ಗುಬ್ಬಿ. ಅಂಥವು ಕೈಗೆ ಬಂದಾಗ ಸೂಜಕ್ಕ ಬ್ಲೇಡನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದು ಮತ್ತೆ ಕೂರುತ್ತಿದ್ದಳು. ಆದರೆ ಬಿಚ್ಚದೆ ಬಿಟ್ಟದ್ದಿಲ್ಲ.

ಅದರ ಮರುವರ್ಷ ಗುಬ್ಬಿಗೆ ಜ್ವರ ಬಂತು.

ಮೊದಲ ಮೂರು ದಿನ ಅವಳೇ ಫೋನ್ ಮಾಡಿ ತಮಾಷೆ ಮಾಡುತ್ತಿದ್ದಳು. ನಾಲ್ಕನೇ ದಿನ ಮರಿ ಮಾಡಿದಳು. "ದೊಡ್ಡಮ್ಮ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೀವಿ. ಶ್ವಾಸಕೋಶಕ್ಕೆ ಹೋಗಿದೆಯಂತೆ." ಅದೇ ಬೆಳಿಗ್ಗೆ ಸೂಜಕ್ಕ ಪರವಾನಗಿ ಕಚೇರಿಯ ಬಾಗಿಲಲ್ಲಿದ್ದಳು. ಉದ್ದನೆಯ ಕೋಣೆ, ಗೋಡೆಗೆ ಬೆನ್ನು ಹಚ್ಚಿ ಬೆಂಚುಗಳು, ಗಾಜಿನ ಹಿಂದೆ ಕನ್ನಡಕದ ಗುಮಾಸ್ತೆ. ಅವಳು ಕೆಟ್ಟವಳಲ್ಲ. ಅರ್ಜಿ ತುಂಬುವುದನ್ನು ತಾನೇ ಹೇಳಿಕೊಟ್ಟಳು. ವೈದ್ಯರ ಪತ್ರ ಬೇಕು, ಅದಕ್ಕೆ ಆಚೆ ಸರ್ಕಾರದ ಮುದ್ರೆ ಬೇಕು, ಆ ಪತ್ರವನ್ನು ನಮ್ಮ ಭಾಷೆಗೆ ತರ್ಜುಮೆ ಮಾಡಿಸಬೇಕು, ಅದಕ್ಕೆ ನಮ್ಮ ಮುದ್ರೆ ಬೇಕು.

"ಎಷ್ಟು ದಿನ ಆಗುತ್ತೆ?"

"ಎಲ್ಲ ಸರಿಯಿದ್ದರೆ ಮೂರು ವಾರ."

"ಹನ್ನೆರಡು ನಿಮಿಷದ ದಾರಿ ತಾಯಿ," ಎಂದಳು ಸೂಜಕ್ಕ.

ಗುಮಾಸ್ತೆ ಕನ್ನಡಕ ತೆಗೆದು ಒರೆಸಿಕೊಂಡಳು. "ನನಗೆ ಗೊತ್ತು. ನಮ್ಮ ತಾಯಿ ಮನೆಯೂ ಆ ಕಡೆಯೇ."

ಸೂಜಕ್ಕ ದಿನವೂ ಬೆಳಿಗ್ಗೆ ಕಚೇರಿಗೆ ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಕೂತು, ಆಮೇಲೆ ಕಾರ್ಖಾನೆಗೆ ಹೋಗುತ್ತಿದ್ದಳು. ಸಂಜೆ ಮರಿ ಆಸ್ಪತ್ರೆಯಿಂದ ಫೋನನ್ನು ತಾಯಿಯ ಕಿವಿಗೆ ಹಿಡಿಯುವಳು. ಗುಬ್ಬಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅಕ್ಕ ಮಾತಾಡಿದಳು, ತಂಗಿ ಕೇಳಿದಳು. ಸೂಜಕ್ಕನಿಗೆ ಹೇಳಲು ಏನೂ ತೋಚದೆ, ಹೊದಿಕೆಯ ಅಂಚು ಹೊಲಿದದ್ದು, ಮೇಸ್ತ್ರಿಯ ಚಪ್ಪಲಿ ಕಳೆದದ್ದು, ಇಂಥದ್ದೇ ಹೇಳುವಳು. ನಾಲಿಗೆಯ ತುದಿಯವರೆಗೆ ಬಂದ ಇನ್ನೊಂದು ಮಾತನ್ನು ಪ್ರತಿ ಸಲ ನುಂಗುವಳು. ನಾನು ನಿನಗೆ ಸುಳ್ಳು ಹೇಳಿದೆ ಗುಬ್ಬಿ. ಎದುರಿಗೆ ಕೂತು ಹೇಳುತ್ತೇನೆ, ಕೈ ಹಿಡಿದುಕೊಂಡು ಹೇಳುತ್ತೇನೆ, ಪರವಾನಗಿ ಬರಲಿ ಎಂದುಕೊಳ್ಳುವಳು.

ಅರ್ಜಿ ಹಾಕಿದ ಹತ್ತೊಂಬತ್ತನೇ ದಿನ ಮಧ್ಯಾಹ್ನ, ಕಾರ್ಖಾನೆಯಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದಾಗ ಫೋನ್ ಬಂತು. ಈ ಸಲ ಮಾತಾಡಿದ್ದು ಬಣ್ಣಗಾರ. "ಅಕ್ಕ," ಎಂದ. ಮುಂದೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸೂಜಕ್ಕ ಫೋನನ್ನು ಕಿವಿಯಿಂದ ತೆಗೆಯದೆ ನಿಂತಲ್ಲೇ ನಿಂತಿದ್ದಳು. ಮೇಸ್ತ್ರಿ ಬಂದು ತೋಳು ಹಿಡಿದು ಕೂರಿಸಬೇಕಾಯಿತು.

ಪರವಾನಗಿ ಬಂದದ್ದು ಅದಾಗಿ ನಾಲ್ಕು ದಿನಕ್ಕೆ. ಕಾರಣ: ಒಡಹುಟ್ಟಿದವರ ಗಂಭೀರ ಕಾಯಿಲೆ. ಅವಧಿ: ಮೂರು ದಿನ. ಗುಮಾಸ್ತೆ ಕಾಗದವನ್ನು ಗಾಜಿನ ಕೆಳಗಿಂದ ಸರಿಸಿ, ದನಿ ತಗ್ಗಿಸಿ ಹೇಳಿದಳು. "ತೀರಿಕೊಂಡಿದ್ದಾರೆ ಅಂತ ಗೇಟಿನಲ್ಲಿ ಹೇಳಬೇಡಿ. ಹೇಳಿದರೆ ಈ ಕಾಗದ ನಡೆಯೋದಿಲ್ಲ. ಹೊಸ ಅರ್ಜಿ ಹಾಕಬೇಕಾಗುತ್ತೆ."

ಗೇಟಿನಲ್ಲಿ ಎಳೆ ಮೀಸೆಯ ಕಾವಲುಗಾರ ಕಾಗದ ಓದಿದ. "ಏನು ಕಾರಣಕ್ಕೆ ಹೋಗ್ತಿದ್ದೀರಿ?"

"ತಂಗಿಗೆ ಹುಷಾರಿಲ್ಲ," ಎಂದಳು ಸೂಜಕ್ಕ.

"ಬೇಗ ಗುಣ ಆಗಲಿ," ಎಂದು ಅವನು ಗೇಟು ಎತ್ತಿದ.

ಮನೆಯಲ್ಲಿ ಎಲ್ಲ ಮುಗಿದು ಜನ ಚದುರಿದ್ದರು. ಕುರ್ಚಿಗಳು ಗೋಡೆಗೆ ಸಾಲಾಗಿ ಹಾಗೇ ಇದ್ದವು. ಮರಿ ಬಂದು ದೊಡ್ಡಮ್ಮನ ಸೊಂಟ ತಬ್ಬಿಕೊಂಡಳು. ಎರಡು ವರ್ಷದಲ್ಲಿ ಅವಳ ತಲೆ ಸೂಜಕ್ಕನ ಭುಜದವರೆಗೆ ಬಂದಿತ್ತು. ಅದನ್ನು ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಇಬ್ಬರೂ ಬಾಗಿಲಲ್ಲೇ ನಿಂತು ಅತ್ತರು. ಸೂಜಕ್ಕ ಆ ದಿನವೆಲ್ಲ ಮನೆಗೆಲಸ ಮಾಡಿದಳು. ಪಾತ್ರೆ ತೊಳೆದಳು, ಗುಬ್ಬಿಯ ಬಟ್ಟೆ ಮಡಿಸಿಟ್ಟಳು, ಮರಿಯ ಶಾಲೆಯ ಅಂಗಿಗೆ ಬಿಟ್ಟುಹೋಗಿದ್ದ ಗುಂಡಿ ಹಾಕಿದಳು. ಬಣ್ಣಗಾರ ಕಿಟಕಿಯ ಹತ್ತಿರ ಕೂತಿದ್ದ. ಅವನ ಕೈಗಳಲ್ಲಿ ಬಣ್ಣವಿರಲಿಲ್ಲ. ಅವನ ಕೈ ಅಷ್ಟು ಬೆಳ್ಳಗೆ ಇದ್ದದ್ದನ್ನು ಅವಳು ಕಂಡದ್ದೇ ಇಲ್ಲ.

ಎರಡನೇ ದಿನ ಬೆಳಿಗ್ಗೆ, ಮರಿ ಅಂಗಡಿಗೆ ಹೋಗಿದ್ದಾಗ, ಅವನು ತಾನಾಗಿಯೇ ಮಾತು ಶುರು ಮಾಡಿದ.

"ಕೊನೇ ದಿನ ಬಾಗಿಲ ಕಡೆಯೇ ನೋಡ್ತಿದ್ದಳು ಅಕ್ಕ. ಯಾರ ಹೆಜ್ಜೆ ಕೇಳಿದರೂ ಕಣ್ಣು ತೆರೆಯೋಳು. ನಿಮ್ಮ ಜನ ಹೀಗೆ ಮಾಡಬಾರದಿತ್ತು. ನಿಮ್ಮನ್ನ ಅನ್ನುತ್ತಿಲ್ಲ. ನೀವು ಹಾಗೆ ಮಾಡೋರಲ್ಲ ಅಂತ ಅವಳು ಎಲ್ಲರ ಹತ್ತಿರವೂ ಹೇಳ್ತಿದ್ದಳು. ನಮ್ಮಕ್ಕ ಹೆಣಿಗೆಗೇ ಓಟು ಹಾಕಿದ್ದು ಅಂತ."

ಸೂಜಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಈ ಮಾತನ್ನು ಕೇಳಿಕೊಂಡು ಸುಮ್ಮನಿದ್ದು, ಈ ಮನೆಯ ಅನ್ನ ಉಂಡು ಹೋಗುವುದು ಅವಳಿಂದಾಗಲಿಲ್ಲ. ತಂಗಿಗೆ ಹೇಳಲಾಗದ್ದನ್ನು ತಂಗಿಯ ಗಂಡನಿಗಾದರೂ ಹೇಳಬೇಕು ಅನ್ನಿಸಿತು.

"ಇಲ್ಲ," ಎಂದಳು. "ನಾನು ಹೆಣಿಗೆಗೆ ಹಾಕಲಿಲ್ಲ."

ಅವನು ಅರ್ಥವಾಗದವನಂತೆ ನೋಡಿದ.

"ಬಿಡಬೇಕು ಅಂತಲೇ ಹಾಕಿದೆ. ಕೆಲಸ ಈ ಕಡೆ ಬಂದ ಸಿಟ್ಟು. ಅವಳು ನನಗೆ ಮಷೀನು ಕೊಡಿಸ್ತೀನಿ ಅಂದಳಲ್ಲ, ಆ ಸಿಟ್ಟು. ಹಾಕಿ ಬಂದು ಅವಳಿಗೆ ಸುಳ್ಳು ಹೇಳಿದೆ."

ಬಣ್ಣಗಾರ ತನ್ನ ಕೈಗಳ ಕಡೆ ನೋಡಿದ. ಬೈದಿದ್ದರೆ, ಲೋಟ ಎತ್ತಿ ಎಸೆದಿದ್ದರೆ ಸೂಜಕ್ಕನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವನು ಮೆಲ್ಲಗೆ ಮಾತಾಡಿದ.

"ಅಕ್ಕ, ನಿಮ್ಮ ಮೇಲೆ ಕೈ ಮಾಡೋನಲ್ಲ ನಾನು, ಬಾಯಿ ಮಾಡೋನೂ ಅಲ್ಲ. ನನ್ನ ಹೆಂಡತಿಯನ್ನ ತಾಯಿಯ ಥರ ಸಾಕಿದವರು ನೀವು. ಆದರೆ ಇವತ್ತು ನಿಮ್ಮ ಮುಖ ನೋಡೋಕೆ ನನ್ನ ಕೈಲಿ ಆಗ್ತಿಲ್ಲ. ನೀವು ಹೊರಡಿ. ಇನ್ನು ಬರಬೇಡಿ. ಮಗುಗೂ ಫೋನ್ ಮಾಡಬೇಡಿ."

ಪರವಾನಗಿಯಲ್ಲಿ ಇನ್ನೂ ಒಂದು ದಿನ ಉಳಿದಿತ್ತು. ಮರಿ ಅಂಗಡಿಯಿಂದ ಬರುವ ಮೊದಲೇ ಸೂಜಕ್ಕ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು.

ಆಮೇಲೆ ಅವಳು ಮತ್ತೆ ಪರವಾನಗಿ ಕಚೇರಿಗೆ ಹೋದಳು. ಬಣ್ಣಗಾರ ಬೇಡವೆಂದರೂ ಮಗುವನ್ನು ಶಾಲೆಯ ಬಾಗಿಲಲ್ಲಾದರೂ ಒಮ್ಮೆ ನೋಡಿ ಬರುವ ಆಸೆ. ಗುಮಾಸ್ತೆ ಪುಸ್ತಕ ತಿರುವಿ ನೋಡಿ ತಲೆಯಾಡಿಸಿದಳು. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಇಷ್ಟೇ ಸಂಬಂಧ ಎಂದು ಬರೆದಿದ್ದರು. ಒಡಹುಟ್ಟಿದವಳು ತೀರಿಕೊಂಡ ಮೇಲೆ ಅವಳ ಮಗಳು ಕಾಗದದ ಪ್ರಕಾರ ಸೂಜಕ್ಕನಿಗೆ ಏನೂ ಆಗುತ್ತಿರಲಿಲ್ಲ.

"ಮರಿ ಮೊದಲು ನಡೆದದ್ದೇ ನನ್ನ ಕಡೆಗೆ," ಎಂದಳು ಸೂಜಕ್ಕ.

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಮ್ಮ," ಎಂದಳು ಗುಮಾಸ್ತೆ.

ಐದು ತಿಂಗಳು ಕಳೆಯಿತು. ಬಾವುಟದ ಮೂಟೆಗಳು ಮುಗಿದವು. ಕೆಲಸ ಯಾವ ಬಾಗಿಲಿಗೂ ವಾಪಸ್ಸು ಬರಲಿಲ್ಲ. ಎಂಟು ಮಂದಿ ಇದ್ದ ಕಾರ್ಖಾನೆಯಲ್ಲಿ ಐದು ಮಂದಿ ಉಳಿದರು. ಸೂಜಕ್ಕನ ನಾಲಿಗೆ ಮೊಂಡಾಯಿತು ಎಂದು ಹೆಂಗಸರು ತಮ್ಮ ತಮ್ಮಲ್ಲೇ ಹೇಳಿಕೊಂಡರು. ಯಾರು ಏನೆಂದರೂ ಅವಳು ತಿರುಗಿ ಮಾತಾಡುತ್ತಿರಲಿಲ್ಲ.

ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ದೊಡ್ಡಮ್ಮ, ನಾನು. ಗೆಳತಿಯ ಫೋನಿಂದ ಮಾಡ್ತಿದ್ದೀನಿ. ಸೇತುವೆ ಪಕ್ಕ ಬಸ್ಸು ನಿಲ್ಲೋ ಜಾಗದ ಹತ್ತಿರ, ದಂಡೆ ಮೇಲೆ ನಿಂತಿದ್ದೀನಿ. ನೀನೂ ಬರ್ತೀಯಾ?"

ಸೂಜಕ್ಕ ಒಲೆ ಆರಿಸಿ, ಬಾಗಿಲಿಗೆ ಬೀಗ ಕೂಡ ಹಾಕದೆ ಓಡಿದಳು. ಐವತ್ತು ದಾಟಿದ ಮಂಡಿ ನೋಯುತ್ತಿತ್ತು. ಗೇಟಿನ ಪಕ್ಕದ ಇಳಿಜಾರಿನಲ್ಲಿ, ಹೊಳೆಯ ಅಂಚಿಗೆ ಹೋಗಿ ನಿಂತಳು. ಆಚೆ ದಂಡೆಯಲ್ಲಿ ಜನ ಸಾಸಿವೆಯಷ್ಟಿದ್ದರು. ಯಾರು ಯಾರೆಂದು ತಿಳಿಯುವಂತಿರಲಿಲ್ಲ.

"ಯಾವ ಬಣ್ಣ ಹಾಕಿದ್ದೀಯ ಮರಿ?"

"ಹಳದಿ. ಅಮ್ಮನ ಸ್ವೆಟರು. ನನಗೆ ಆಗುತ್ತೆ ಈಗ."

ಸೂಜಕ್ಕ ಕಣ್ಣು ಕಿರಿದು ಮಾಡಿ ಹುಡುಕಿದಳು. ದೂರದಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. "ಕಂಡೆ," ಎಂದಳು. ಕೈಯೆತ್ತಿ ಬೀಸಿದಳು.

"ಅಪ್ಪ ಹೇಳಿದರು," ಎಂದಳು ಮರಿ. "ನೀನು ಯಾಕೆ ಹೇಳದೆ ಕೇಳದೆ ಹೋದೆ ಅಂತ ಕೇಳಿದೆ. ಅವರು ಎಲ್ಲ ಹೇಳಿದರು."

"ಅವರು ಹೇಳಿದ್ದು ನಿಜ ಮರಿ. ನಾನು ತಪ್ಪು ಮಾಡಿದೆ. ನಿಮ್ಮಮ್ಮನಿಗೆ ಹೇಳಬೇಕು ಅಂತಿದ್ದೆ. ಹೇಳೋಕೆ ಸಿಗಲಿಲ್ಲ ಅವಳು."

"ಅಮ್ಮನಿಗೆ ಗೊತ್ತಿತ್ತು ದೊಡ್ಡಮ್ಮ."

ಸೂಜಕ್ಕನಿಗೆ ಗಾಳಿಯ ಸದ್ದಿನಲ್ಲಿ ತಪ್ಪು ಕೇಳಿಸಿತೇನೋ ಅನ್ನಿಸಿತು. "ಏನು ಗೊತ್ತಿತ್ತು?"

"ಓಟಿನ ದಿನ ನಿನ್ನ ಹತ್ತಿರ ಮಾತಾಡಿ ಫೋನ್ ಇಟ್ಟಳಲ್ಲ. ಇಟ್ಟು ಅಡುಗೆಮನೆ ನೆಲದ ಮೇಲೆ ಕೂತ್ಕೊಂಡು ಅತ್ತಳು. ಏನಮ್ಮ ಅಂದರೆ, ಅಕ್ಕನ ದನಿ ನನಗೆ ಗೊತ್ತಾಗಲ್ವಾ, ಅವಳು ಬಿಡೋದಕ್ಕೇ ಹಾಕಿದ್ದಾಳೆ ಅಂದಳು. ಆಮೇಲೆ ಮುಖ ತೊಳೆದುಕೊಂಡು, ಅಪ್ಪನಿಗೆ ಮಾತ್ರ ಹೇಳಬೇಡ ಅಂದಳು. ಅವರಿಗೆ ಗೊತ್ತಾದರೆ ಅಕ್ಕನ್ನ ಮನೆಗೆ ಸೇರಿಸಲ್ಲ ಅಂತ. ಅದಕ್ಕೇ ಎಲ್ಲರ ಹತ್ತಿರವೂ, ನಮ್ಮಕ್ಕ ಹೆಣಿಗೆಗೇ ಹಾಕಿದ್ದು ಅಂತ ಹೇಳ್ಕೊಂಡು ಬರ್ತಿದ್ದಳು. ನಾನೂ ಯಾರಿಗೂ ಹೇಳಲಿಲ್ಲ. ಇಷ್ಟು ದಿನ ಇಟ್ಟುಕೊಂಡಿದ್ದೆ. ನೀನೇ ಬಂದು ಹೇಳಿಬಿಟ್ಟೆಯಲ್ಲ ದೊಡ್ಡಮ್ಮ."

ಸೂಜಕ್ಕ ಹುಲ್ಲಿನ ಮೇಲೆ ಕುಸಿದು ಕೂತಳು. ಎಲ್ಲ ತಿಳಿದೂ ಅಷ್ಟು ದಿನ ಗುಬ್ಬಿ ಫೋನ್ ಮಾಡಿದ್ದಳು, ಗೊರಕೆಯ ಮಾತಾಡಿ ನಗಿಸಿದ್ದಳು. ಅಕ್ಕನಿಗಾಗಿ ಒಂದು ಬಾಗಿಲು ತೆರೆದಿಡಲು ಕಟ್ಟಿಕೊಂಡ ಗಂಡನಿಗೇ ಸುಳ್ಳು ಹೇಳಿದ್ದಳು. ಆ ಬಾಗಿಲನ್ನು ಅಕ್ಕ ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿ ತಾನೇ ಮುಚ್ಚಿ ಬಂದಿದ್ದಳು. ಅವಳ ಬಾಯಿಂದ ಒಂದು ಸದ್ದು ಹೊರಟಿತು. ಹುಡುಗಿಗೆ ಕೇಳಬಾರದೆಂದು ಫೋನನ್ನು ಎದೆಗೆ ಒತ್ತಿಕೊಂಡಳು.

ಮತ್ತೆ ಕಿವಿಗೆ ಇಟ್ಟಾಗ ಮರಿ ಕರೆಯುತ್ತಿದ್ದಳು.

"ದೊಡ್ಡಮ್ಮ, ಇದ್ದೀಯಾ? ಕಾಣ್ತಿಲ್ಲ ನೀನು."

"ಇದ್ದೀನಿ ಮರಿ. ಕೂತ್ಕೊಂಡೆ."

"ಏಳು. ನನ್ನ ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ. ಅಲ್ಲಿಯವರೆಗೂ ನಿಂತಿರು."

ಸೂಜಕ್ಕ ನೆಲಕ್ಕೆ ಕೈಯೂರಿ ಎದ್ದಳು. ಮರಿ ಶಾಲೆಯ ಮಾತಾಡಿದಳು, ಲೆಕ್ಕದಲ್ಲಿ ಕಡಿಮೆ ಬಂದದ್ದನ್ನು ಹೇಳಿದಳು, ಅಪ್ಪ ಈಗ ಬೆಳಿಗ್ಗೆ ತಾವೇ ನನಗೆ ತಲೆ ಬಾಚುತ್ತಾರೆ, ಬೈತಲೆ ಸೊಟ್ಟ ತೆಗೆಯುತ್ತಾರೆ ಎಂದಳು. ಮತ್ತೆ ಯಾವಾಗ ಬರುತ್ತೀಯ ಎಂದು ಕೇಳುವ ಧೈರ್ಯ ಸೂಜಕ್ಕನಿಗೆ ಆಗಲಿಲ್ಲ, ಹುಡುಗಿಯೂ ಹೇಳಲಿಲ್ಲ. ಆಚೆ ದಂಡೆಗೆ ಬಸ್ಸು ಬಂದು ನಿಂತಿತು. ಹಳದಿ ಚುಕ್ಕೆ ಅದರ ಕಡೆ ಸರಿದು, ಬಸ್ಸಿನ ಹಿಂದೆ ಮರೆಯಾಯಿತು. ಫೋನು ಕಡಿದು ಹೋಗಿತ್ತು. ಬಸ್ಸು ಹೋದ ಮೇಲೂ ಸೂಜಕ್ಕ ಅಲ್ಲೇ ನಿಂತಿದ್ದಳು. ಹುಡುಗಿ ಕಿಟಕಿಯ ಪಕ್ಕ ಕೂತಿದ್ದರೆ, ತಿರುಗಿ ನೋಡಿದರೆ, ಕಾಣಲಿ ಎಂದು.